ಐದನೆಯ ವಾರದ ಮಾಲೀಕ

ವಾಡಿಯ ಸಿಮೆಂಟ್ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ನಾಲ್ಕುನೂರು ಮಂದಿಯ ಹಾಜರಿ ಹಿಡಿದವನು ನಾನು. ಯಾರು ಎಷ್ಟು ನಿಮಿಷ ತಡವಾಗಿ ಬಂದ, ಯಾರ ರಜೆ ಎಷ್ಟು ಉಳಿದಿದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಅಂಥ ಸೂಗಪ್ಪನಿಗೆ ವರ್ಷದ ಮೊದಲ ವಾರ ಯಾವುದು ಎಂಬುದೇ ಗೊತ್ತಿರಲಿಲ್ಲ. ಈ ಸಂಗತಿ ೧೯೮೭ರಲ್ಲಿ ಇಡೀ ಕಾರ್ಖಾನೆಗೆ ಗೊತ್ತಾಯಿತು.

ಇದಕ್ಕೆಲ್ಲ ನನ್ನ ಹೆಂಡತಿ ಶರಣಬಸಮ್ಮನೇ ಕಾರಣ ಎಂದು ಕೆಲವು ದಿನ ಹೇಳಿಕೊಂಡು ತಿರುಗಿದೆ. ಅದು ಶುದ್ಧ ಸುಳ್ಳು. ನಾನು ಒಂದು ಪಾಳಿ, ಗಂಡುಮಕ್ಕಳಿಬ್ಬರು ಇನ್ನೆರಡು ಪಾಳಿ. ಹಾಗಾಗಿ ನಮ್ಮ ಕ್ವಾರ್ಟರ್ಸಿನ ಒಲೆಗೆ ಮೂರೂ ಪಾಳಿ. ಮೇ ತಿಂಗಳಲ್ಲಿ ಮೇಲೆ ಷಹಾಬಾದ್ ಕಲ್ಲಿನ ಮಾಳಿಗೆ ಕಾಯುತ್ತಿತ್ತು, ಕೆಳಗೆ ಒಲೆ. ಒಂದು ಮಧ್ಯಾಹ್ನ ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, "ಒಂದ್ ವಾರ ಒಲಿ ಮುಂದ ಕುಂದ್ರದಂಗ ಎಲ್ಲೆರ ತಂಪಿನ್ಯಾಗ ಇರಬೇಕು ಅನಸ್ತದ್ರಿ" ಎಂದಳು. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಅದೇ ತಿಂಗಳು 'ಅದೃಷ್ಟಶಾಲಿ ದಂಪತಿಗಳೇ' ಎಂದು ನಮಗೊಂದು ಪತ್ರ ಬಂತು. ಗುಲ್ಬರ್ಗಾದ ಲಾಡ್ಜಿಗೆ ಬಂದು ಒಂದು ತಾಸು ಮಾತು ಕೇಳಿದರೆ ಗೋಡೆ ಗಡಿಯಾರ ಪುಕ್ಕಟೆ. ನಾನು ಇಸ್ತ್ರಿ ಅಂಗಿ ತೊಟ್ಟು ಅವಳನ್ನೂ ಕರೆದುಕೊಂಡು ಹೊರಟೆ.

ಅಲ್ಲಿ ಟೈ ಕಟ್ಟಿದವನೊಬ್ಬ ಪರದೆಯ ಮೇಲೆ ಘಟ್ಟದ ಊರೊಂದರ ಚಿತ್ರ ತೋರಿಸಿದ. ಒಂದು ಮನೆ, ಐವತ್ತೆರಡು ಮಾಲೀಕರು. ಒಬ್ಬೊಬ್ಬರಿಗೆ ವರ್ಷಕ್ಕೊಂದು ವಾರ, ಹೀಗೆ ಮೂವತ್ತಮೂರು ವರ್ಷ. ನಿಮ್ಮ ಊರು ಬೇಸರವಾದರೆ ಬೇರೆ ಊರಿನ ಮಾಲೀಕನ ವಾರದ ಜೊತೆ ಬದಲಿ; ಸಮುದ್ರ ಬೇಕೆಂದರೆ ಸಮುದ್ರ ಎಂದ. ನನ್ನ ಬಾಯಲ್ಲಿ ನೊಣ ಹೋದರೂ ತಿಳಿಯುತ್ತಿರಲಿಲ್ಲ.

ಶರಣಬಸಮ್ಮನ ತವರು ದಂಡೋತಿ, ಒಕ್ಕಲುತನದ ಹಳ್ಳಿ. ಅವಳು ನನ್ನ ಕಿವಿಯ ಹತ್ತಿರ ಬಂದು, "ಇದು ನಮ್ಮ ಹೊಲದ ಬಾವಿ ಇದ್ದಂಗ ಅದ ನೋಡ್ರಿ. ಆರು ಮನಿ ಪಾಲು, ದಿನಕ್ಕೊಂದು ಮನಿ ಪಾಳಿ. ಬಾವ್ಯಾಗ ಹೂಳು ತುಂಬಿದ್ರ ತೆಗಸೋರು ಯಾರು, ಕೇಳ್ರಿ" ಎಂದಳು.

ನನಗೆ ನಾಚಿಕೆಯಾಯಿತು. ಆದರೂ ಕೇಳಿದೆ. ಪ್ರತಿ ವರ್ಷ ನಿರ್ವಹಣೆಯ ಖರ್ಚೆಂದು ಸ್ವಲ್ಪ ಕೊಡಬೇಕು, ಅದು ಮುಂದೆ ಏರಲೂಬಹುದು ಎಂದ ಟೈಯವನು.

"ನಾವು ಹೋಗದ ವರ್ಷನೂ ಕೊಡಬೇಕೇನು?" ಎಂದಳು. ಹೌದಂತೆ. "ಪಾಳಿ ಬದಲಿ ಮಾಡಿದ್ರ?" ಅದಕ್ಕೆ ಬೇರೆ ಶುಲ್ಕವಂತೆ. "ಬ್ಯಾಡಾದ್ರ ತಿರುಗಿ ಮಾರಲಿಕ್ಕ ಬರ್ತದೇನು?"

ಟೈಯವನು ಕಾಗದ ಹೊಂದಿಸತೊಡಗಿದ. ಅವನ ಪರವಾಗಿ ನಾನೇ ಉತ್ತರ ಕೊಟ್ಟೆ: "ಮಾರೋದ್ಯಾಕ? ನೀ ಸುಮ್ ಕುಂದ್ರು. ಮಾಲಕರಾಗಾಕತ್ತೀವಿ."

ಆಮೇಲೆ ವಾರಗಳ ದರಪಟ್ಟಿ ಕೈಗೆ ಬಂತು. ಕೆಂಪು ಬಣ್ಣದ ವಾರಗಳು ತುಟ್ಟಿ, ಬಿಳಿ ಬಣ್ಣದವು ಅಗ್ಗ. ಹದಿನೆಂಟರಿಂದ ಇಪ್ಪತ್ತೆರಡರವರೆಗೆ ಕೆಂಪು. ಐದನೆಯ ವಾರ ಬಿಳಿ. ನಮ್ಮ ಕಾರ್ಖಾನೆಯ ರಜೆ ಪುಸ್ತಕ ಏಪ್ರಿಲ್ ಒಂದರಿಂದ ಶುರುವಾಗುತ್ತದೆ. ಬೆರಳು ಎಣಿಸಿದೆ: ಐದನೆಯ ವಾರ ಎಂದರೆ ಮೇ ತಿಂಗಳ ಆರಂಭ. ಹದಿನೆಂಟು ಎಂದರೆ ಆಗಸ್ಟ್. ಘಟ್ಟದ ಮೇಲೆ ಆಗಸ್ಟಿನ ಮಳೆಯಲ್ಲಿ ಕೂಡಲು ಇಷ್ಟು ದುಡ್ಡು ಸುರಿಯುವ ಹುಚ್ಚರೂ ಇದ್ದಾರಲ್ಲ ಎಂದು ಮರುಗಿದೆ. ಕಂಪನಿಯವರು ತಪ್ಪು ತಿದ್ದಿಕೊಳ್ಳುವ ಮೊದಲೇ ಸಹಿ ಹಾಕಿಬಿಡಬೇಕೆಂದು ಪೆನ್ನು ಕಸಿದುಕೊಂಡೆ. ಅವರಿಗೆ ಟೋಪಿ ಹಾಕಿದ ಖುಷಿಯಲ್ಲಿ ಭವಿಷ್ಯ ನಿಧಿಯಿಂದ ಮುಂಗಡವನ್ನೂ ತೆಗೆದೆ.

ಪುಕ್ಕಟೆ ಗಡಿಯಾರ ಚಿತ್ತಾಪುರ ದಾಟುವುದರೊಳಗೆ ನಿಂತಿತ್ತು. ನಾನು ನಿಲ್ಲಲಿಲ್ಲ. ಕ್ಯಾಂಟೀನಿನಲ್ಲಿ ದಿನಾ ನನ್ನ ಬಂಗಲೆಯ ವರ್ಣನೆ. ಪ್ಯಾಕಿಂಗ್ ವಿಭಾಗದ ಬಂದೇಅಲಿಯಂತೂ ನನ್ನನ್ನು 'ಮಾಲಕ್ ಸಾಬ್' ಎಂದೇ ಕರೆಯತೊಡಗಿದ. ಅವನು ಗೌರವ ಕೊಡುತ್ತಿದ್ದಾನೆಂದು ನಾನು ತಿಳಿದಿದ್ದೆ.

ಡಿಸೆಂಬರಿನಲ್ಲಿ ಕಂಪನಿಯ ಕಾಗದ ಬಂತು. 'ನಿಮ್ಮ ಐದನೆಯ ವಾರ ಜನವರಿ ಮೂವತ್ತರಂದು ಆರಂಭವಾಗುತ್ತದೆ, ಬೆಚ್ಚನೆಯ ಬಟ್ಟೆ ತನ್ನಿರಿ.' ಮೂರು ಸಲ ಓದಿದೆ. ಜಗತ್ತಿನವರೆಲ್ಲ ವರ್ಷವನ್ನು ಜನವರಿಯಿಂದ ಎಣಿಸುತ್ತಾರೆ ಎಂಬುದು ಆಗ ಹೊಳೆಯಿತು. ಜನವರಿಯಲ್ಲಿ ನಮ್ಮ ವಾಡಿಯೇ ತಂಪು.

ಕೂಡಲೇ ಬದಲಿ ಕೇಳಿ ಅರ್ಜಿ ಹಾಕಿದೆ. ನನ್ನ ಜನವರಿ ತೆಗೆದುಕೊಂಡು ಯಾರಾದರೂ ಮೇ ಕೊಡಲಿ ಎಂದು. ಉತ್ತರ ಚುಟುಕಾಗಿತ್ತು: ಬಿಳಿ ವಾರಕ್ಕೆ ಬಿಳಿ ವಾರವೇ ಬದಲಿ, ಕೆಂಪು ಸಿಗುವುದಿಲ್ಲ. ಬೇಕಾದರೆ ಸಮುದ್ರ ದಂಡೆಯಲ್ಲಿ ಜುಲೈ ತಿಂಗಳ ಒಂದು ವಾರವಿದೆ, ಮಳೆಗಾಲ. ಶುಲ್ಕ ಬೇರೆ.

ಬಂದೇಅಲಿಗೆ ಆ ಪತ್ರ ಓದಿ ಹೇಳಿದ್ದು ನನ್ನ ಎರಡನೆಯ ತಪ್ಪು. "ಇದು ನಿಮ್ದೇ ಕಾಯ್ದಾ ಅಲ್ಲೇನ್ರಿ, ಮಾಲಕ್ ಸಾಬ್?" ಎಂದ. "ಹೋದ್ ರಂಜಾನಿನ್ಯಾಗ ನಾ ಪಾಳಿ ಬದಲಿ ಕೇಳಿದಾಗ ಏನಂದಿದ್ರಿ? ರಾತ್ರಿ ಪಾಳಿಗಿ ರಾತ್ರಿ ಪಾಳಿಯಂವನೇ ಬೇಕು ಅಂದಿದ್ರಿ." ಕ್ಯಾಂಟೀನೆಲ್ಲ ನಕ್ಕಿತು. ಅಂದಿದ್ದೆ, ನಿಜ. ಆ ಕಾಯಿದೆ ಎಲ್ಲಿಯೂ ಬರೆದಿರಲಿಲ್ಲ.

ಮನೆಗೆ ಬಂದು ಶರಣಬಸಮ್ಮನಿಗೆ ಎಲ್ಲ ಒಪ್ಪಿಸಿದೆ. ಬಯ್ಯುತ್ತಾಳೆಂದು ಕಾದೆ. ಅವಳು, "ರೊಕ್ಕ ಕೊಟ್ಟಾಗ್ಯದ. ಥಂಡಿ ಇದ್ರ ಇರ್ಲಿ ಬಿಡ್ರಿ. ಒಲಿ ಅಂತೂ ಇರಂಗಿಲ್ಲಲ್ಲ?" ಎಂದಳು.

"ಒಲಿ ಇರಂಗಿಲ್ಲ. ಬಸವಣ್ಣನ ಆಣಿ" ಎಂದೆ.

ಪುಣೆಯವರೆಗೆ ರೈಲು, ಮುಂದೆ ಬಸ್ಸು. ಎರಡು ಕಂಬಳಿ ಹೊದ್ದು, ಹಲ್ಲು ಕಟಕಟಿಸುತ್ತ ನಮ್ಮ ಬಂಗಲೆ ಮುಟ್ಟಿದೆವು. ಕೀಲಿ ಕೊಟ್ಟವನು, ಈ ದಿನಗಳಲ್ಲಿ ಜನರಿಲ್ಲದ್ದರಿಂದ ಊಟದ ಮನೆ ಮುಚ್ಚಿದೆ, ಆದರೆ ಚಿಂತೆಯಿಲ್ಲ ಎಂದು ನಮ್ಮ ಬಾಗಿಲು ತೆರೆದು ಹೆಮ್ಮೆಯಿಂದ ತೋರಿಸಿದ. ಎರಡು ಉರಿಯ ಗ್ಯಾಸ್ ಒಲೆ, ಪಾತ್ರೆ, ಸೌಟು, ಎಲ್ಲ ಇತ್ತು. 'ಸ್ವಂತ ಅಡುಗೆಮನೆ' ಎಂದು ಅವರ ಕಾಗದದಲ್ಲೇ ಅಚ್ಚಾಗಿತ್ತು. ನಾನು ಅದನ್ನು ಕ್ಯಾಂಟೀನಿನಲ್ಲಿ ಕೊಚ್ಚಿಕೊಂಡೂ ಇದ್ದೆ.

ಶರಣಬಸಮ್ಮ ಒಲೆಯನ್ನು ನೋಡುತ್ತ ನಿಂತಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, "ದಾರಿಗಿ ಇರ್ಲಿ ಅಂತ ರವಾ ತಂದೀನ್ರಿ. ಉಳ್ಳಾಗಡ್ಡಿ ಎಲ್ಲೆರ ಸಿಗ್ತಾವೇನು ನೋಡ್ರಿ" ಎಂದಳು. ಅವಳು ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಉಳ್ಳಾಗಡ್ಡಿ ತಂದವನು ಅವಳ ಕೈಯಿಂದ ಸೌಟು ಕಿತ್ತುಕೊಂಡೆ. "ನೀ ಕಂಬಳಿ ಹೊಚಗೊಂಡು ಕುಂದ್ರು. ಈ ವಾರ ಒಲಿ ನಂದು."

"ನಿಮಗ ಬರ್ತದೇನ್ರಿ?"

ಬರುತ್ತಿರಲಿಲ್ಲ. ಒಗ್ಗರಣೆ ಕರಿ ಆಯಿತು, ರವೆ ಗಂಟಾಯಿತು, ತಳ ಹತ್ತಿತು. ಉಪ್ಪು ಹಾಕಿದ್ದೆನೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಮೇಲಿನದನ್ನು ತಾಟಿಗೆ ಹಾಕಿ, ಹೊಗೆಯಾಡುತ್ತಿದ್ದಂತೆಯೇ ಅವಳ ಮುಂದೆ ಇಟ್ಟೆ. ಅವಳು ಒಂದು ತುತ್ತು ಬಾಯಿಗಿಟ್ಟು ಹಾಗೇ ಕುಳಿತಳು. ಕಣ್ಣಲ್ಲಿ ನೀರು.

"ಭಾಳ ಖಾರ ಆಯ್ತೇನು?" ಎಂದೆ.

"ಇಲ್ರಿ. ಬಿಸಿ ಅದ" ಎಂದಳು. "ನಾ ಬಿಸೀದು ಉಂಡು ಎಷ್ಟ್ ವರ್ಷ ಆಗಿತ್ತೋ."

ನನಗೆ ತಲೆ ಎತ್ತಲಾಗಲಿಲ್ಲ. ಎಲ್ಲರ ಊಟವಾದ ಮೇಲೆ ಅವಳು ಉಣ್ಣುತ್ತಾಳೆ ಎಂದು ಗೊತ್ತಿತ್ತು. ಏನು ಉಣ್ಣುತ್ತಾಳೆ ಎಂದು ತಿರುಗಿ ನೋಡಿರಲಿಲ್ಲ. ಇನ್ನೊಂದು ಸೌಟು ಬಡಿಸಿದೆ. ಬೇಡ ಎನ್ನಲಿಲ್ಲ. ಅವಳದು ಮುಗಿದ ಮೇಲೆ ತಳ ಹತ್ತಿದ್ದನ್ನು ಕೆರೆದುಕೊಂಡು ನಾನು ಉಂಡೆ. ಅಷ್ಟೊತ್ತಿಗೆ ಅದು ತಣ್ಣಗಾಗಿತ್ತು.