ನಮ್ಮಕ್ಕನ ಕಾರಿಗೆ ನಾಲ್ಕು ಟೈರು

ಚನ್ನಗಿರಿಯಲ್ಲಿ ಮೊದಲು ಕಾರು ಓಡಿಸಿದ ಹೆಂಗಸು ಯಾರು ಎಂದು ಕೇಳಿದರೆ ಈಗಿನವರು ಯಾರೋ ಡಾಕ್ಟರಮ್ಮನ ಹೆಸರು ಹೇಳುತ್ತಾರೆ. ಅದು ಸುಳ್ಳು. ಆ ಡಾಕ್ಟರಮ್ಮ ಊರಿಗೆ ಬರುವ ಹೊತ್ತಿಗೆ ನಮ್ಮಕ್ಕ ಸರ್ವಮಂಗಳಮ್ಮ ಒಂದು ಸೆಟ್ ಟೈರು ಸವೆಸಿ ಮುಗಿಸಿದ್ದಳು. ನಾನು ಅವಳ ತಂಗಿ ಕೊಟ್ರಮ್ಮ, ನ್ಯಾಮತಿಗೆ ಮದುವೆಯಾಗಿ ಬಂದವಳು. ಆ ಕಾರಿನಲ್ಲಿ ನನ್ನಷ್ಟು ಓಡಾಡಿದವರು ಬೇರೆ ಯಾರೂ ಇಲ್ಲ. ಹಾಗಾಗಿ ಈ ವಿಷಯದಲ್ಲಿ ನನ್ನ ಮಾತನ್ನೇ ನಂಬಬೇಕು.

ನಾವು ಹುಟ್ಟಿ ಬೆಳೆದದ್ದು ಜಗಳೂರಿನಲ್ಲಿ. ಅಲ್ಲಿ ನೀರಿಗೆ ಯಾವಾಗಲೂ ತತ್ವಾರ. ಊರ ಬಾವಿ ಬತ್ತಿದರೆ ದೂರದ ಹೊಲದ ಬಾವಿಗೆ ಗಾಡಿ ಹೂಡಿಕೊಂಡು ಹೋಗಿ ಪೀಪಾಯಿಯಲ್ಲಿ ನೀರು ತರಬೇಕಿತ್ತು. ಮನೆಯಲ್ಲಿ ನಾವಿಬ್ಬರೇ ಹೆಣ್ಣುಮಕ್ಕಳು, ಅಪ್ಪನಿಗೆ ಸೊಂಟನೋವು. ಗಾಡಿ ಹೊಡೆಯುವ ಕೆಲಸ ಅಕ್ಕನ ಪಾಲಿಗೆ ಬಂತು. ತುಂಬಿದ ಪೀಪಾಯಿ ಇರುವ ಗಾಡಿಯನ್ನು ಗಕ್ಕನೆ ನಿಲ್ಲಿಸಿದರೆ ನೀರು ಮುಂದಕ್ಕೆ ನುಗ್ಗಿ ಅರ್ಧ ಚೆಲ್ಲಿಹೋಗುತ್ತದೆ. ಅವಳು ಎತ್ತುಗಳನ್ನು ಮಾತಾಡಿಸುತ್ತಾ ಮೆಲ್ಲಗೆ ನಿಲ್ಲಿಸುತ್ತಿದ್ದಳು. ಹಿಂದೆ ಕೂತ ನನ್ನ ಲಂಗ ನೆನೆದದ್ದು ನನಗೆ ನೆನಪಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಅಕ್ಕ ನಲವತ್ತರ ಮೇಲೆ ಸ್ಟೀರಿಂಗ್ ಹಿಡಿದಳು ಎಂದು ಆಡಿಕೊಂಡವರಿಗೆ ಈ ಗಾಡಿಯ ವಿಷಯ ಗೊತ್ತಿರಲಿಲ್ಲ.

ಅವಳನ್ನು ಕೊಟ್ಟದ್ದು ಚನ್ನಗಿರಿಯ ಅಡಿಕೆ ಮಂಡಿಯವರ ಮನೆಗೆ. ಭಾವ ಮಹೇಶ್ವರಪ್ಪ ಒಳ್ಳೆಯ ಮನುಷ್ಯ, ಆದರೆ ನಾಲ್ಕು ಜನ ಏನಂದಾರು ಎಂಬ ಭಯ ಅವರಿಗೆ ಹೆಗಲ ಮೇಲಿನ ಟವೆಲ್ಲಿನ ಹಾಗೆ, ಯಾವಾಗಲೂ ಇರಬೇಕು. ಎಂಬತ್ತಮೂರರಲ್ಲಿ ಮಾರುತಿ ಕಾರಿಗೆ ಬುಕಿಂಗ್ ಶುರುವಾದಾಗ ಮಂಡಿಯವರೆಲ್ಲ ಮನೆಯವರ ಹೆಸರಿನಲ್ಲೆಲ್ಲ ಅರ್ಜಿ ಹಾಕಿದರು. ಲಾಟರಿಯಲ್ಲಿ ನಂಬರು ಬಂದರೆ ಅದನ್ನೇ ಬೇರೆಯವರಿಗೆ ಲಾಭಕ್ಕೆ ದಾಟಿಸುವ ಲೆಕ್ಕ. ಭಾವನ ಹೆಸರು ಬರಲಿಲ್ಲ, ಅವರ ತಮ್ಮ ಬೆನಕಪ್ಪನ ಹೆಸರೂ ಬರಲಿಲ್ಲ. ಬಂದದ್ದು ಅಕ್ಕನ ಹೆಸರು. ಕೊಳ್ಳುವವನೂ ಗೊತ್ತಾಗಿದ್ದ, ಕಾಗದವೂ ತಯಾರಿತ್ತು. ಅಕ್ಕ ಸಹಿ ಮಾಡಲಿಲ್ಲ.

"ನನ್ನ ಹೆಸರಿಗೆ ಬಂದಿರಾದು. ನಾನು ಓಡಿಸಾಕೆ ಕಲೀತೀನಿ" ಎಂದಳಂತೆ. ಅಷ್ಟೇ ಮಾತು. ಆಮೇಲೆ ಎಷ್ಟು ಜನ ಎಷ್ಟು ಹೇಳಿದರೂ ಪೆನ್ನು ಮುಟ್ಟಲಿಲ್ಲ.

ಕಾರು ಬಂದದ್ದು ಎಂಬತ್ತೈದರಲ್ಲಿ. ಕೆಂಪು ಬಣ್ಣ. ಹಿಂದಿನ ಬಾಗಿಲು ಮೇಲಕ್ಕೆ ಏಳುವಂಥದ್ದು. ಅಂಬಾಸಿಡರ್ ನೋಡಿದ ಊರಿಗೆ ಅದು ಆಟದ ಸಾಮಾನಿನಂತೆ ಕಂಡಿತು. ಆದರೆ ಅಕ್ಕ ಗೇರು ಬದಲಿಸಿ ಕಾಲು ಒತ್ತಿದರೆ ಅದು ಕಟ್ಟು ಬಿಚ್ಚಿದ ಕರುವಿನಂತೆ ಚಂಗನೆ ಹಾರುತ್ತಿತ್ತು. ಅಡಿಕೆ ಲಾರಿಗಳನ್ನು ಹಿಂದೆ ಹಾಕಿ ಹೋಗುವಾಗ ಅವಳು ಲಾರಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಾನು ನೋಡುತ್ತಿದ್ದೆ, ನಗುತ್ತಿದ್ದೆ ಕೂಡ.

ಭಾವನೂ ಅದರಲ್ಲಿ ಕೂರುತ್ತಿದ್ದರು, ಊರ ಹೊರಗೆ ಮಾತ್ರ. ದಾವಣಗೆರೆ ಕಡೆಯ ರಸ್ತೆಯಲ್ಲಿ, ಊರು ಇನ್ನೇನು ಬಂತು ಎನ್ನುವಾಗ ಒಂದು ದೊಡ್ಡ ಹುಣಸೆಮರವಿತ್ತು. ಅಲ್ಲಿಗೆ ಬಂದಾಗ "ಇಲ್ಲೇ ನಿಲ್ಲಿಸು, ಕಾಲಾಡಿಸ್ಕಂಡು ಬರ್ತೀನಿ" ಎಂದು ಇಳಿದು, ಚಪ್ಪಲಿ ಎಳೆಯುತ್ತಾ ನಡೆದು ಮನೆ ಸೇರುತ್ತಿದ್ದರು. ಹೆಂಡತಿ ಓಡಿಸುವ ಕಾರಿನಲ್ಲಿ ಮಂಡಿಬೀದಿಯಲ್ಲಿ ಕೂತು ಬರಲು ಅವರಿಗೆ ಮುಖವಿರಲಿಲ್ಲ. ಹೋಗುವಾಗಲೂ ಅಷ್ಟೇ, ಮರದ ಕೆಳಗೆ ಹತ್ತುವುದು. ಊರಿನವರು ಅದಕ್ಕೆ ಮಹೇಶ್ವರಪ್ಪನ ಸ್ಟಾಪು ಎಂದು ಹೆಸರಿಟ್ಟಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಅಕ್ಕ ಮಾತ್ರ ಮರ ಬಂದಾಗ ತಾನೇ ನಿಧಾನ ಮಾಡುತ್ತಿದ್ದಳು.

ಇನ್ನು ಬೆನಕಪ್ಪ. ಅವನಿಗೆ ಲಾರಿಗಳಿದ್ದವು, ಆದ್ದರಿಂದ ಟೈರಿನ ವಿಷಯದಲ್ಲಿ ಮನೆಗೆ ಅವನೇ ಗುರು. ಆ ಕಾರಿನ ಟೈರುಗಳು ನೆಲದ ಹತ್ತಿರ ಪಕ್ಕಕ್ಕೆ ಸ್ವಲ್ಪ ಉಬ್ಬಿ, ಗಾಳಿ ಇಳಿದ ಹಾಗೆ ಕಾಣುತ್ತಿದ್ದವು. ಬೆನಕಪ್ಪನಿಗೆ ಅದನ್ನು ಕಂಡರೆ ತಡೆಯಲು ಆಗುತ್ತಿರಲಿಲ್ಲ. "ಅತ್ತಿಗೆ, ಹೊಟ್ಟೆ ಬಿಟ್ಟೈತೆ ನೋಡ್ರಿ" ಎಂದು ಲಾರಿಗೆ ಗಾಳಿ ಹೊಡೆಯುವ ಕಡೆಗೇ ಒಯ್ದು, ಬೆರಳಿಂದ ತಟ್ಟಿದರೆ ಟಣ್ ಅನ್ನುವ ತನಕ ತುಂಬಿಸಿಕೊಂಡು ಬರುತ್ತಿದ್ದ. ಮಂಡಿಯವರೆಲ್ಲ ಅದೇ ಸರಿ ಎನ್ನುತ್ತಿದ್ದರು. ಕಾರು ಕುಣಿಯುತ್ತಾ ಓಡುತ್ತಿತ್ತು. ಈ ಕಾರು ಇರುವುದೇ ಹೀಗೆ ಎಂದು ಅಕ್ಕ ತಿಳಿದುಕೊಂಡಳು.

ಎಂಬತ್ತೆಂಟರ ಮಳೆಗಾಲ ಮುಗಿದಿತ್ತು. ಹಬ್ಬಕ್ಕೆ ಅಕ್ಕನ ಮನೆಗೆ ಬಂದಿದ್ದ ನನ್ನನ್ನು ನ್ಯಾಮತಿಗೆ ಬಿಡಲು ಅವಳೂ ಭಾವನೂ ಹೊರಟರು. ಹೊನ್ನಾಳಿಯ ಸೇತುವೆ ದಾಟಿ, ಊರು ದಾಟಿ, ನ್ಯಾಮತಿ ರಸ್ತೆಯಲ್ಲಿ ಗದ್ದೆಗಳ ನಡುವೆ ಹೋಗುತ್ತಿದ್ದೆವು. ಮುಂದಿನ ಎಡಗಡೆ ಟೈರು ಢಂ ಎಂದು ಒಡೆಯಿತು. ಕಾರು ಗದ್ದೆಯ ಕಡೆ ಎಳೆಯಿತು. ಭಾವ ಮುಂದೆ ಕೂತಿದ್ದವರು "ಬ್ರೇಕ್ ಹಾಕು, ಬ್ರೇಕ್ ಹಾಕು" ಎಂದರು. ಅಕ್ಕ ಹಾಕಲಿಲ್ಲ. ಎರಡೂ ಕೈಯಲ್ಲಿ ಸ್ಟೀರಿಂಗ್ ಬಿಗಿಹಿಡಿದು, ಕಾಲು ತೆಗೆದು, ಕಾರು ತಾನಾಗಿಯೇ ಸೋಲುವ ತನಕ ನೇರ ಹಿಡಿದಳು. ಬಾಯಲ್ಲಿ ಏನೋ ಗೊಣಗುತ್ತಿದ್ದಳು. ಅದು ದೇವರ ಹೆಸರು ಎಂದು ಭಾವ ಅಂದುಕೊಂಡರು. ನನಗೆ ಗೊತ್ತಿತ್ತು, ಜಗಳೂರಿನ ಎತ್ತುಗಳಿಗೆ ಹೇಳುತ್ತಿದ್ದ ಮಾತೇ ಅದು. ಕಾರು ರಸ್ತೆಯ ಮೇಲೆಯೇ ನಿಂತಿತು. ನನ್ನ ಮಡಿಲಲ್ಲಿದ್ದ ಕರ್ಜಿಕಾಯಿ ಡಬ್ಬಿ ಕೂಡ ಬೀಳಲಿಲ್ಲ.

ಗದ್ದೆಯಲ್ಲಿದ್ದವರು ಓಡಿಬಂದರು. ಅವರಲ್ಲಿ ಒಬ್ಬ ಮುದುಕ ಭಾವನ ಮುಖ ನೋಡಿ, "ಗಂಡಸ್ರು ಪಕ್ಕದಾಗಿದ್ದೂ ಹೆಂಗಸಿನ ಕೈಗೆ ಕೊಟ್ರೆ ಇನ್ನೇನಾಕೈತೆ ಸ್ವಾಮಿ" ಎಂದ. ನಮ್ಮನ್ನು ಉಳಿಸಿದವಳು ಅವಳು ಎಂದು ಭಾವ ಹೇಳಬೇಕಿತ್ತು. ಹೇಳಲಿಲ್ಲ, ನೆಲ ನೋಡಿದರು. ನನ್ನ ಮೈ ಉರಿದುಹೋಯಿತು. ಅಕ್ಕ ಸೆರಗು ಸಿಕ್ಕಿಸಿಕೊಂಡು, "ರೀ, ಹಿಂದೆ ಜಾಕ್ ಐತೆ, ತಕಂಬರ್ರಿ" ಎಂದಳು. ಇಬ್ಬರೂ ಸೇರಿ ಸ್ಟೆಪ್ನಿ ಹಾಕಿದರು.

ಅಲ್ಲಿಂದಲೇ ಚನ್ನಗಿರಿಗೆ ತಿರುಗಿದೆವು. ಸುದ್ದಿ ಕೇಳಿ ಬೆನಕಪ್ಪ ಉಳಿದ ಟೈರುಗಳನ್ನೂ ನೋಡಿದ. ಎಲ್ಲವೂ ಸವೆದಿದ್ದವು. ಲಾರಿಯವರಲ್ಲಿ ಒಂದು ಪದ್ಧತಿ ಇತ್ತು. ಟೈರು ಮುಗಿದವು ಎಂದರೆ ಗಾಡಿ ಮಾರುವ ಕಾಲ ಬಂತು. ಹಳೆಯ ಟೈರಿಗೆ ರಬ್ಬರು ಮೆತ್ತಿಸಿ ರೀಸೋಲ್ ಮಾಡಿಸಿ, ನೋಡಲು ಹೊಸದರ ಹಾಗೆ ಮಾಡಿ, ಗಾಡಿಯನ್ನು ದಾಟಿಸಿಬಿಡುವುದು. ಹೊಸ ಟೈರು ಹಾಕಿಸಿ ಗಾಡಿ ಮಾರುವ ದಡ್ಡ ಅವರಲ್ಲಿ ಯಾರೂ ಇರಲಿಲ್ಲ. ಹೊಸ ಟೈರು ಹಾಕಿಸಿದರೆ ಗಾಡಿ ಮನೆಯಲ್ಲೇ ಉಳಿಯಿತು ಎಂದರ್ಥ, ಆಮೇಲೆ ಮಾರುವ ಮಾತನ್ನು ಯಾರೂ ಎತ್ತುವುದಿಲ್ಲ.

"ಅಣ್ಣ, ಇವತ್ತು ನಿಮ್ಮ ಪುಣ್ಯ ದೊಡ್ಡದಿತ್ತು" ಎಂದ ಬೆನಕಪ್ಪ. "ದಾವಣಗೆರೆಗೆ ಹೋಗಿ ರೀಸೋಲ್ ಟೈರು ಹಾಕ್ಸ್ಕಂಡು ಬರ್ರಿ. ಗಿರಾಕಿ ನಾನು ನೋಡೀನಿ. ಜಗಳೂರಿನ ಶೇಂಗಾ ವ್ಯಾಪಾರಿ, ಸೋಮವಾರ ಬರ್ತಾನೆ."

ಜಗಳೂರು. ಅಕ್ಕ ನೀರಿನ ಗಾಡಿ ಹೊಡೆದ ಬೀದಿಯಲ್ಲಿ ಅವಳ ಕೆಂಪು ಕಾರನ್ನು ಇನ್ಯಾರೋ ಓಡಿಸುತ್ತಾರೆ. ಭಾವ ಆಗಲಿ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಆ ರಾತ್ರಿ ಅಕ್ಕ ಊಟ ಮಾಡಲಿಲ್ಲ. ನಾನು ನ್ಯಾಮತಿಗೆ ಹೋಗುವುದನ್ನು ಬಿಟ್ಟು ಅವರ ಜೊತೆಯೇ ವಾಪಸು ಬಂದಿದ್ದೆ. "ಸಹಿ ಮಾಡಬ್ಯಾಡ ಅಕ್ಕ" ಎಂದೆ. "ಆವಾಗ ಬ್ಯಾರೆ, ಕೊಟ್ರಮ್ಮ. ಆವಾಗ ಬರೇ ಕಾಗದ. ಈಗ ಅವರು ಹೆದರ್ಕಂಡಾರೆ. ಹೆದರಿದೋರ ಜೊತೆ ಹಟ ಹಿಡಿಯಾಕೆ ನನಗೆ ಮನಸ್ಸಿಲ್ಲ" ಎಂದಳು. ಅಷ್ಟು ಸೋತ ದನಿಯನ್ನು ನಾನು ಅವಳಲ್ಲಿ ಕೇಳಿರಲಿಲ್ಲ.

ಮಾರನೆಯ ದಿನ ಮೂವರೂ ದಾವಣಗೆರೆಗೆ ಹೋದೆವು. ಭಾವ ಹುಣಸೆಮರದ ಕೆಳಗೆ ಕಾಯುತ್ತಿದ್ದರು, ಹತ್ತಿಕೊಂಡರು. ದಾರಿಯುದ್ದಕ್ಕೂ ಅಕ್ಕ ಮೆಲ್ಲಗೆ ಓಡಿಸಿದಳು. ಲಾರಿಗಳೇ ನಮ್ಮನ್ನು ಹಿಂದೆ ಹಾಕಿದವು.

ಟೈರಂಗಡಿಯ ತಿಪ್ಪೇರುದ್ರಸ್ವಾಮಿ ಭಾವನಿಗೆ ಕುರ್ಚಿ ಹಾಕಿ, ನಮಗೆ ಬೆಂಚು ತೋರಿಸಿ, ಮೂರು ಬಗೆಯ ಟೈರು ಉರುಳಿಸಿ ತಂದು ನಿಲ್ಲಿಸಿದ. ಒಂದು ರೀಸೋಲ್. ಇನ್ನೊಂದು ದಪ್ಪ ಗಟ್ಟಿ ನೈಲಾನ್ ಟೈರು. ಮೂರನೆಯದು ಕಾರಿನ ಜೊತೆ ಬಂದಿದ್ದಂಥದ್ದೇ, ಪಕ್ಕ ಮೆತ್ತಗಿರುವ ರೇಡಿಯಲ್.

"ಇದು ಮಾರೋ ಗಾಡಿಗೆ, ಇದು ಗುಂಡಿ ರಸ್ತೆಗೆ, ಇದು ಓಡ್ಸೋರಿಗೆ" ಎಂದ ತಿಪ್ಪೇರುದ್ರಸ್ವಾಮಿ. ಹೇಳಿದ್ದು ಭಾವನಿಗೆ.

ಅಕ್ಕ ಬೆಂಚಿನ ಮೇಲೆ ಕೂರಲಿಲ್ಲ. ಬಿಚ್ಚಿಹಾಕಿದ್ದ ತನ್ನ ಹಳೆಯ ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಅಂಗೈ ಆಡಿಸಿದಳು. ನಡುವೆ ನುಣ್ಣಗಾಗಿತ್ತು. ಎರಡೂ ಅಂಚಿನಲ್ಲಿ ಗೀರುಗಳು ಹಾಗೇ ಇದ್ದವು. ಇನ್ನೊಂದನ್ನು ಮುಟ್ಟಿದಳು, ಅದೂ ಹಾಗೆಯೇ.

"ಇದ್ಯಾಕೆ ನಡುವೆ ಮಾತ್ರ ಸವೆದೈತೆ?" ಎಂದು ಕೇಳಿದಳು.

"ಗಾಳಿ ಜಾಸ್ತಿ ಅಮ್ಮಾರೇ. ಇವಕ್ಕೆ ಲಾರಿ ಥರ ತುಂಬಿದ್ರೆ ನಡು ಉಬ್ಬಿ ಅದೊಂದೇ ನೆಲಕ್ಕೆ ತಾಕಿ ಸವೆದು ಒಡೀತತೆ. ಈ ಟೈರು ನೋಡಾಕೆ ಗಾಳಿ ಕಮ್ಮಿ ಇದ್ದಂಗೇ ಇರಬೇಕು. ಎಲ್ಲರೂ ಅದೇ ತಪ್ಪು ಮಾಡ್ತಾರೆ."

ಅಕ್ಕ ಭಾವನ ಕಡೆ ನೋಡಿದಳು. ಬೆನಕಪ್ಪನ ಹೆಸರು ಹೇಳಲಿಲ್ಲ. ನಾನು ಹೇಳುವವಳಿದ್ದೆ, ಮೊಣಕೈಯಿಂದ ತಿವಿದಳು. ಆಮೇಲೆ ಎದ್ದು, ಹಪ್ಪಳದ ಹಿಟ್ಟು ಹದ ನೋಡುವಂತೆ ಮೂರೂ ಟೈರಿಗೆ ಹೆಬ್ಬೆರಳು ಒತ್ತಿದಳು. ಅವಳಿಗೆ ಕೊಳ್ಳುವ ಅಧಿಕಾರ ಇಲ್ಲ ಎಂದು ನಮ್ಮ ಮೂವರಿಗೂ ಗೊತ್ತಿತ್ತು. ಆದರೂ ಕೇಳಿದಳು, "ಮಳೆಯಾಗೆ ಹೋಗ್ತಿರ್ತೀನಿ, ಅಡ್ಡ ದನ ಬಂತು ಅನ್ರಿ. ಯಾವುದು ಬೇಗ ನಿಲ್ತತೆ?"

"ಇದು" ಎಂದು ಅವನು ಮೂರನೆಯದರ ಮೇಲೆ ಕೈಯಿಟ್ಟ. "ಎಷ್ಟು ವರ್ಷ ಬರ್ತತೆ ಅಂತ ಕೇಳ್ತಾರೆ ಎಲ್ಲರೂ. ಹೆಂಗೆ ನಿಲ್ತತೆ ಅಂತ ಕೇಳೋರು ಕಮ್ಮಿ." ಮತ್ತೆ ಭಾವನ ಕಡೆ ತಿರುಗಿದ. "ಯಜಮಾನ್ರೇ, ಯಾವುದು ಹಾಕ್ಲಿ?"

ಭಾವ ರೀಸೋಲ್ ಟೈರು ನೋಡಿದರು. ಅದರ ಹೊಳಪು ಚೆನ್ನಾಗಿತ್ತು, ಸೋಮವಾರಕ್ಕೆ ಸಾಕಾಗುವಷ್ಟು. ಟವೆಲ್ ತೆಗೆದು ಮುಖ ಒರೆಸಿಕೊಂಡರು, ಮತ್ತೆ ಹಾಕಿಕೊಂಡರು. ನಾನು ಬಾಗಿಲ ಕಡೆ ನೋಡುತ್ತಾ ನಿಂತೆ, ಅವರ ಮುಖ ನೋಡಿದರೆ ಏನಾದರೂ ಅಂದುಬಿಡುತ್ತೇನೆ ಎಂದು.

"ನನ್ನ ಯಾಕೆ ಕೇಳ್ತೀರಿ" ಎಂದರು ಭಾವ. "ಗಾಡಿ ಅವಳ್ದು. ನಿನ್ನೆ ಟೈರು ಒಡೆದಾಗ ಬ್ರೇಕ್ ಹಾಕು ಅಂದೋನು ನಾನು. ನನ್ನ ಮಾತು ಕೇಳಿದ್ರೆ ಮೂರೂ ಜನ ಗದ್ದೆಯಾಗಿರ್ತಿದ್ವಿ. ಅವಳು ಹೇಳಿದ್ದು ಹಾಕ್ರಿ."

ನ್ಯಾಮತಿ ರಸ್ತೆಯಲ್ಲಿ ಆಡಬೇಕಿದ್ದ ಮಾತನ್ನು ದಾವಣಗೆರೆಯ ಟೈರಂಗಡಿಯಲ್ಲಿ ಆಡಿದರು. ತಡವಾಯಿತು, ಆದರೂ ಆಡಿದರಲ್ಲ ಎಂದು ನಾನು ಆ ಕ್ಷಣವೇ ಅವರನ್ನು ಕ್ಷಮಿಸಿಬಿಟ್ಟೆ. ಅಕ್ಕನ ಕಣ್ಣು ತುಂಬಿತ್ತು. ಅವಳು ಅದನ್ನು ತೋರಿಸದೆ, "ನಾಲ್ಕಕ್ಕೂ ಅದೇ ಹಾಕ್ರಿ. ಗಾಳಿ ಮೀಟರ್ ನೋಡಿ ತುಂಬ್ರಿ, ನಾನು ನಿಂತು ನೋಡ್ತೀನಿ" ಎಂದಳು. ನಿಂತು ನೋಡಿದಳು ಕೂಡ.

ವಾಪಸು ಬರುವಾಗ ಕಾರಿಗೆ ಹೊಸ ಕಾಲು ಬಂದ ಹಾಗಿತ್ತು. ಕುಣಿತ ಇಲ್ಲ, ತಿರುವಿನಲ್ಲಿ ಜಾರಿಕೆ ಇಲ್ಲ. ಬೆಳಿಗ್ಗೆ ನಮ್ಮನ್ನು ಹಿಂದೆ ಹಾಕಿದ ಲಾರಿಗಳ ಲೆಕ್ಕವನ್ನೆಲ್ಲ ಅಕ್ಕ ತೀರಿಸಿದಳು. ಭಾವ ಒಂದು ಸಲವೂ ನಿಧಾನ ಎನ್ನಲಿಲ್ಲ.

ಹುಣಸೆಮರ ಬಂತು. ಅಕ್ಕ ರೂಢಿಯಂತೆ ಕಾಲು ತೆಗೆದಳು.

"ನಿಲ್ಲಿಸಬ್ಯಾಡ" ಎಂದರು ಭಾವ, ಕಿಟಕಿಯ ಹೊರಗೆ ನೋಡುತ್ತಾ. "ಹೊಸ ಟೈರು. ಸುಮ್ಮಸುಮ್ಮನೆ ಬ್ರೇಕ್ ಹಾಕಿ ಯಾಕೆ ಸವೆಸ್ತೀಯ."

ಅಕ್ಕ ಗೇರು ಬದಲಿಸಿದಳು. ಮರ ಹಿಂದಕ್ಕೆ ಹೋಯಿತು. ಮಂಡಿಬೀದಿಯಲ್ಲಿ ಸಂಜೆಯ ವ್ಯಾಪಾರ ಜೋರಾಗಿತ್ತು, ಅಡಿಕೆ ಚೀಲಗಳ ಮೇಲೆ ಕೂತವರು ಒಬ್ಬೊಬ್ಬರಾಗಿ ತಿರುಗಿ ನೋಡಿದರು. ಭಾವ ಕಿಟಕಿಯ ಮೇಲೆ ಮೊಣಕೈ ಇಟ್ಟುಕೊಂಡು, ಯಾರ ಕಣ್ಣನ್ನೂ ತಪ್ಪಿಸದೆ ಕೂತಿದ್ದರು. ನಾನು ಹಿಂದಿನ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡೆ. ನನ್ನ ಮದುವೆಯ ಮೆರವಣಿಗೆಯಲ್ಲೂ ನಾನು ಅಷ್ಟು ಬೀಗಿರಲಿಲ್ಲ.

ಮಂಡಿಯ ಮುಂದೆ ನಿಂತಿದ್ದ ಬೆನಕಪ್ಪ ಮೊದಲು ನೋಡಿದ್ದು ಟೈರುಗಳನ್ನು. ರೀಸೋಲ್ ಅಲ್ಲ ಎಂದು ಅವನಿಗೆ ಕಂಡಿತು. ಸೋಮವಾರದ ಗಿರಾಕಿಯ ಮಾತು ಅವನ ಬಾಯಿಂದ ಬರಲಿಲ್ಲ. ಸುಮ್ಮನಿರಲಾಗದೆ ಬಗ್ಗಿ ಟೈರಿನ ಪಕ್ಕವನ್ನು ಬೆರಳಿಂದ ಒತ್ತಿದ.

"ಅಣ್ಣ, ಗಾಳಿ ಕಮ್ಮಿ ಐತಲ್ಲ. ತಡೀರಿ, ಹಾಕ್ಸ್ಕಂಡು ಬರ್ತೀನಿ."

"ಅದು ಇರೋದೇ ಹಂಗೆ" ಎಂದರು ಭಾವ ಕಾರಿನಿಂದ ಇಳಿಯುತ್ತಾ. "ಅವಳನ್ನ ಕೇಳದೆ ಇನ್ಮೇಲೆ ಕೈ ಹಚ್ಚಬ್ಯಾಡ."