ನನ್ನ ನೋಟ್ಸು, ಆಕೆಯ ಮಾರ್ಕ್ಸು

ಹೊಟ್ಟೆಕಿಚ್ಚಿಗೆ ವೇಳಾಪಟ್ಟಿ ಇಲ್ಲ ಎಂಬುದು ಅರವತ್ತೇಳನೆಯ ವಯಸ್ಸಿನಲ್ಲಿ ನನಗೆ ತಿಳಿಯಿತು. ಉಳಿದದ್ದಕ್ಕೆಲ್ಲ ನನ್ನಲ್ಲಿ ಇದೆ. ನಾಲ್ಕೂವರೆಗೆ ಏಳುವುದು, ಐದಕ್ಕೆ ಮಧುಗಿರಿ ಬೆಟ್ಟದ ಕಡೆ ನಡಿಗೆ, ಆರಕ್ಕೆ ಸ್ನಾನ, ಆರೂವರೆಯಿಂದ ಎಂಟರವರೆಗೆ ಓದು. ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಡ್ರಿಲ್ ಮೇಷ್ಟ್ರಾಗಿ ಸೀಟಿ ಊದಿದವನು ನಾನು. ನಮ್ಮ ಮನೆಯ ಬೆಕ್ಕು ಕೂಡ ಹಾಲಿಗೆ ಹೊತ್ತು ಮೀರಿ ಬರುವುದಿಲ್ಲ.

ಈ ವಯಸ್ಸಿನಲ್ಲಿ ಎಂಥ ಓದು ಎನ್ನುತ್ತೀರಾ? ನಮ್ಮ ಸ್ಟಾಫ್ ರೂಮಿನಲ್ಲಿ ಹೆಸರಿನ ಮುಂದೆ ಬಿ.ಎ. ಇಲ್ಲದವನು ನಾನೊಬ್ಬನೇ. ಆ ಖಾಲಿ ಜಾಗ ನಿವೃತ್ತಿಯಾದ ಮೇಲೂ ಚುಚ್ಚುತ್ತಿತ್ತು. ದೂರಶಿಕ್ಷಣಕ್ಕೆ ಸೇರಿದೆ. ಎಲ್ಲ ಪತ್ರಿಕೆಗಳೂ ಮುಗಿದು ಅರ್ಥಶಾಸ್ತ್ರ ಮಾತ್ರ ಉಳಿಯಿತು. ಎರಡು ಸಲ ನಪಾಸು. ಮೂರನೆಯದು ಕೊನೆಯ ಅವಕಾಶ. ಅದೂ ಹೋದರೆ ನೋಂದಣಿ ರದ್ದು. ಇಷ್ಟು ವರ್ಷದ ಓದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ನಪಾಸಾದದ್ದಕ್ಕಿಂತ ಹೆಚ್ಚು ಉರಿದದ್ದು ಪುಟ್ಟಲಕ್ಷ್ಮಮ್ಮ ಪಾಸಾದದ್ದಕ್ಕೆ. ಆಕೆ ಹೊಳವನಹಳ್ಳಿಯ ಅಂಗನವಾಡಿ ಕಾರ್ಯಕರ್ತೆ, ಭಾನುವಾರದ ಅರ್ಥಶಾಸ್ತ್ರ ತರಗತಿಯಲ್ಲಿ ನನ್ನ ಸಹಪಾಠಿ. ಬಸ್ಸಿನ ದೆಸೆಯಿಂದ ಪ್ರತಿ ಸಲವೂ ತಡ. ಪೆನ್ನು ನನ್ನದು. ಪುಸ್ತಕ ಇನ್ನೊಬ್ಬರದು. ನಾನೋ, ಒಂದು ತರಗತಿ ತಪ್ಪಿಸಿದವನಲ್ಲ. ನೀಲಿಯಲ್ಲಿ ಪಾಠ, ಕೆಂಪಿನಲ್ಲಿ ತಲೆಬರಹ, ಸ್ಕೇಲಿಟ್ಟು ಗೆರೆ. ಪ್ರತಿ ಪಾಠವನ್ನೂ ನಾಲ್ಕು ಸಲ ಅಂದವಾಗಿ ನಕಲು ಮಾಡುತ್ತಿದ್ದೆ. ಆ ನೋಟ್ಸನ್ನೇ ಆಕೆ ಕೇಳಿ ಒಯ್ದಳು. ಹುಣಸೆಹಣ್ಣಿನ ಕಲೆಯೊಂದಿಗೆ ಹಿಂತಿರುಗಿಸಿದಳು. ಫಲಿತಾಂಶ: ಆಕೆಗೆ ಅರವತ್ತೆಂಟು, ನನಗೆ ಇಪ್ಪತ್ತೊಂಬತ್ತು.

"ನಿಮ್ ನೋಟ್ಸಿಂದ್ಲೇ ಪಾಸಾದೆ ಕಣ್ ಸಾ! ಅಕ್ಷರ ಮುತ್ತು ಪೋಣಿಸ್ದಂಗೈತೆ!" ಎಂದು ಎಲ್ಲರೆದುರು ಹೊಗಳಿದಳು. ಗಾಯಕ್ಕೆ ಮೆಣಸಿನಕಾಯಿ ಅರೆದು ಹಚ್ಚಿದಂತಾಯಿತು.

ಅರಿಷಡ್ವರ್ಗದಲ್ಲಿ ಹಿರಿಯರು ಮತ್ಸರವನ್ನು ಆರನೆಯದಾಗಿ ಕೊನೆಯಲ್ಲಿ ನಿಲ್ಲಿಸಿದ್ದಾರೆ. ಸಾಲಿನ ಕೊನೆಯಲ್ಲಿ ನಿಂತವನೇ ಹೆಚ್ಚು ತಂಟೆಕೋರ ಎಂಬುದು ಯಾವ ಡ್ರಿಲ್ ಮೇಷ್ಟ್ರಿಗಾದರೂ ಗೊತ್ತು. ಉತ್ತರಪತ್ರಿಕೆ ತಿದ್ದಿದವರು ಆಕೆಯ ನೆಂಟರೇ ಇರಬೇಕೆಂದು ನಾನು ಒಂದು ವಾರ ಪೂರ್ತಿ ನಂಬಿದ್ದೆ. ಆಮೇಲೆ ಗುಟ್ಟು ಪತ್ತೆ ಮಾಡಲು, ಪೆನ್ನು ವಾಪಸು ಕೇಳುವ ನೆಪದಲ್ಲಿ, ಹೊಳವನಹಳ್ಳಿಗೆ ಬಸ್ಸು ಹತ್ತಿದೆ.

ಆಕೆಯ ಮನೆಯ ಜಗಲಿಯಲ್ಲಿ ಐದಾರು ಹೆಂಗಸರು ಹುಣಸೆಹಣ್ಣು ಬಡಿದು ಬೀಜ ತೆಗೆಯುತ್ತಿದ್ದರು. ನಡುವೆ ಕೂತು ಪುಟ್ಟಲಕ್ಷ್ಮಮ್ಮ ತನ್ನ ಮುಂದಿನ ವರ್ಷದ ಪಾಠವನ್ನು ಅವರಿಗೆ ಹೇಳುತ್ತಿದ್ದಳು.

"ಒಳ್ಳೆ ಹೊತ್ಗೆ ಬಂದ್ರಿ ಸಾ. ಇವತ್ತು ಅರ್ಥಶಾಸ್ತ್ರ ನೀವೇ ಯೋಳಿ."

ನಾನು ಎದೆ ಸೆಟೆಸಿ, ಬೆಲೆಯ ಬದಲಾವಣೆಗೆ ಅನುಗುಣವಾಗಿ ಬೇಡಿಕೆಯಲ್ಲಾಗುವ ಬದಲಾವಣೆಯ ಪ್ರಮಾಣವೇ ಬೇಡಿಕೆಯ ಸ್ಥಿತಿಸ್ಥಾಪಕತ್ವ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದೆ.

"ಅಂಗಂದ್ರೆ ಏನಪ್ಪಾ?" ಎಂದಳು ಅಲ್ಲಿದ್ದವರಲ್ಲಿ ಹಿರಿಯಳಾದ ಗಂಗಜ್ಜಿ.

ಅದನ್ನೇ ಇನ್ನೂ ಗಟ್ಟಿಯಾಗಿ ಹೇಳಿದೆ. ಮೈದಾನದಲ್ಲಿ ಸದಾ ಫಲಿಸಿದ ಉಪಾಯ ಅದು.

"ಕಿವಿ ಚೆನ್ನಾಗೈತೆ ಕಣಪ್ಪ. ಗಟ್ಟಿಯಾಗ್ ಯೋಳ್ಬ್ಯಾಡ, ತಿಳಿಯಂಗ್ ಯೋಳು."

ಮೂವತ್ತೆರಡು ವರ್ಷದಲ್ಲಿ ಒಮ್ಮೆಯೂ ಆಡದ ಮಾತೊಂದು ಹೊರಬಿತ್ತು: "ನನಗೂ ಗೊತ್ತಿಲ್ಲ ಕಣಜ್ಜಿ."

ಪುಟ್ಟಲಕ್ಷ್ಮಮ್ಮ ಅಜ್ಜಿಯ ಕಡೆ ತಿರುಗಿದಳು. "ಉಪ್ಪಿನ್ ಬೆಲೆ ಏರುದ್ರೆ ಸಾರಿಗೆ ಉಪ್ಪು ಕಮ್ಮಿ ಹಾಕ್ತೀಯೇನಜ್ಜಿ?"

"ಹಾಕುದ್ರೆ ನಿನ್ ಗಂಡ ಉಣ್ತಾನೇನೇ?"

"ಮಲ್ಲಿಗೆ ಹೂವಿನ್ ಬೆಲೆ ಏರುದ್ರೆ?"

"ಮೊಳ ತಕಳೋಳು ಗೇಣು ತಕಂತೀನಿ."

"ಅಷ್ಟೇ ಕಣ್ ಸಾ ಪಾಠ," ಎಂದಳು. "ಈ ಅಜ್ಜೀಗ್ ತಿಳಿಯಗಂಟ ನಂಗೂ ತಿಳಿದಿಲ್ಲ ಅಂತ ಲೆಕ್ಕ."

ನಾಲ್ಕು ಸಲ ಕೆಂಪು ಗೆರೆ ಎಳೆದ ಆ ವಾಕ್ಯ ಪುಸ್ತಕದಿಂದ ಪುಸ್ತಕಕ್ಕೆ ಹೋಗಿತ್ತೇ ಹೊರತು ದಾರಿಯಲ್ಲಿ ನನ್ನ ತಲೆಯೊಳಗೆ ಇಳಿದಿರಲಿಲ್ಲ. ಶಿಸ್ತಿನ ಮೇಲೆ ನನಗೆ ಈಗಲೂ ಗೌರವವಿದೆ, ನಾಲ್ಕೂವರೆಗೇ ಏಳುತ್ತೇನೆ. ಆದರೆ ಎದ್ದವನಿಗೆಲ್ಲ ಎಚ್ಚರವಾಗಿದೆ ಎಂದು ಈಗ ನಂಬುವುದಿಲ್ಲ.

ಅಂದಿನಿಂದ ಭಾನುವಾರ ತರಗತಿ ಮುಗಿದೊಡನೆ ಹೊಳವನಹಳ್ಳಿಯ ಬಸ್ಸು. ಹುಣಸೆ ಮುಗಿದ ಮೇಲೆ ಕಡಲೆಕಾಯಿ ಸುಲಿದೆವು. ಗಂಗಜ್ಜಿ "ಅಂಗಂದ್ರೆ?" ಎನ್ನುವುದನ್ನು ನಿಲ್ಲಿಸಿದ ಪಾಠಕ್ಕೆ ಮಾತ್ರ ನಾನು ಸರಿ ಗುರುತು ಹಾಕಿಕೊಂಡೆ. ಕೊನೆಯ ಪ್ರಯತ್ನದಲ್ಲಿ ಐವತ್ತೆರಡು ಬಂತು. ನಾನು ಬಿ.ಎ. ಆದೆ.

ಮೈಸೂರುಪಾಕಿನ ಪೊಟ್ಟಣ ಹಿಡಿದು ಅದೇ ಜಗಲಿಗೆ ಹೋದೆ. ಆಕೆಯ ಮುಂದಿನ ವರ್ಷದ ಪತ್ರಿಕೆಯ ಫಲಿತಾಂಶವೂ ಬಂದಿತ್ತು. ಕೇಳಬಾರದೆಂದುಕೊಂಡು ಕೇಳಿಯೇಬಿಟ್ಟೆ.

"ಎಪ್ಪತ್ನಾಕು ಸಾ. ಬುಡಿ, ಅದ್ಯಾಕೆ ಈಗ."

ಗಂಗಜ್ಜಿ ಮೈಸೂರುಪಾಕು ಚೀಪುತ್ತ ನನ್ನ ಮುಖ ನೋಡಿದಳು. "ಮೇಷ್ಟ್ರಿಗೆ ಒಂದ್ ಮೊಳ ಖುಷಿ ಐತೆ, ಒಂದ್ ಗೇಣು ಉರಿ ಐತೆ," ಎಂದಳು.

ಅಳತೆ ಸರಿಯಾಗಿತ್ತು. ಹೊಟ್ಟೆಕಿಚ್ಚನ್ನು ದೂರದಲ್ಲಿ ಕೂತು ಪಟ್ಟರೆ ನಾವು ಬೇಯುತ್ತೇವೆ. ಬಸ್ಸು ಹತ್ತಿ ಹೋಗಿ ಪಕ್ಕದಲ್ಲೇ ಕೂತು ಪಟ್ಟರೆ ಏನಾದರೂ ಕಲಿಯುತ್ತೇವೆ. ಆದ್ದರಿಂದ ಆ ಒಂದು ಗೇಣನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಎಂ.ಎ.ಗೆ ಬೇಕಾಗುತ್ತದೆ.