ದ್ವೀಪದಲ್ಲಿ ಮುಡಿದ ಹೂವು

ಮದುವೆಯಾದ ಎರಡನೆಯ ವರ್ಷಕ್ಕೆ ನನ್ನ ಗಂಡ ಜ್ವರ ಬಂದು ತೀರಿಕೊಂಡರು. ನನಗಾಗ ಹತ್ತೊಂಬತ್ತು. ಬಸವಕಲ್ಯಾಣದಿಂದ ತವರಿನವರು ಕರೆದೊಯ್ಯಲು ಬಂದರೂ ಹುಮನಾಬಾದಿನ ನನ್ನ ಅತ್ತೆ ಕಳಿಸಲಿಲ್ಲ. ನನ್ನ ಮುಡಿಯ ಹೂವು ತೆಗೆದವರೂ ಅವರೇ, ಮರುವರ್ಷ ನನ್ನನ್ನು ನರ್ಸ್ ತರಬೇತಿಗೆ ಹಚ್ಚಿದವರೂ ಅವರೇ. ತಾವೂ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಮಾತು ಕಡಿಮೆ.

ಎಪ್ಪತ್ತರ ದಶಕದ ನಡುವೆ, ಹೆರಿಗೆ ಆರೈಕೆಯಲ್ಲಿ ಹೆಚ್ಚಿನದನ್ನು ಕಲಿಯಲೆಂದು ನಾನು ಕೆಲಸಕ್ಕಿದ್ದ ಆಸ್ಪತ್ರೆಯವರು ನನ್ನನ್ನು ಕೆಲವು ತಿಂಗಳು ಸ್ವೀಡನ್ನಿಗೆ ಕಳಿಸಿದರು. ಅಲ್ಲಿ ನನ್ನನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಸೂಲಗಿತ್ತಿಗೂ ಅವಳ ಗಂಡನಿಗೂ ಒಂದು ಪುಟ್ಟ ಹಾಯಿದೋಣಿ ಇತ್ತು. ಜೂನಿನಲ್ಲಿ, ಅವರ ನಡುಬೇಸಿಗೆಯ ಹಬ್ಬಕ್ಕೆ, ನಾಲ್ಕು ದಿನ ದ್ವೀಪಗಳ ನಡುವೆ ಹೋಗಿಬರೋಣವೆಂದು ನನ್ನನ್ನೂ ಹತ್ತಿಸಿಕೊಂಡರು. ನಾನು ಅಲ್ಲಿಯವರೆಗೆ ಕಂಡ ದೊಡ್ಡ ನೀರೆಂದರೆ ಬಸವಕಲ್ಯಾಣದ ಕೆರೆ. ಸೀರೆಯ ಸೆರಗು ಬಿಗಿದು ಸೊಂಟಕ್ಕೆ ಸಿಗಿಸಿ, ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದು ಕೂತಿದ್ದೆ.

ಹಬ್ಬದ ಬೆಳಿಗ್ಗೆ ಸೂಲಗಿತ್ತಿಯ ಗಂಡ ದಡಕ್ಕೆ ಹೋಗಿ ಹಸಿರು ಟೊಂಗೆಗಳನ್ನು ಕಡಿದು ತಂದು ಹಾಯಿಕಂಬಕ್ಕೆ ಕಟ್ಟಿದ. ನೋಡಿದರೆ ಸುತ್ತಲಿನ ದೋಣಿಗಳಿಗೆಲ್ಲ ಟೊಂಗೆ. ದಸರೆಗೆ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸುಗಳಿಗೆ ಕಬ್ಬು, ಚೆಂಡುಹೂವು ಕಟ್ಟಿದ ಹಾಗೇ ಇತ್ತು. ನನಗೆ ನಗು ಬಂತು. ಹೆದರಿಕೆ ಸ್ವಲ್ಪ ಇಳಿಯಿತು.

ಮಧ್ಯಾಹ್ನ ಒಂದು ದ್ವೀಪದ ಬಂಡೆಗೆ ದೋಣಿ ಕಟ್ಟಿದೆವು. ಹುಲ್ಲಿನ ಬಯಲಲ್ಲಿ ಜನ ಉದ್ದನೆಯ ಕಂಬಕ್ಕೆ ಎಲೆ, ಕಾಡುಹೂವು ಸುತ್ತಿ, ಎಲ್ಲರೂ ಕೈಹಚ್ಚಿ ಎತ್ತಿ ನಿಲ್ಲಿಸಿದರು. ಆಮೇಲೆ ಅದರ ಸುತ್ತ ಕುಣಿತ. ದಿನಕ್ಕೆ ನಾಲ್ಕು ಮಾತೂ ಆಡದ ನಮ್ಮ ದೋಣಿಯ ಯಜಮಾನ ಮಕ್ಕಳ ಜೊತೆ ಸೇರಿ ಕಪ್ಪೆಯಂತೆ ಕುಪ್ಪಳಿಸುವುದನ್ನು ಕಂಡು ನಾನು ಬಾಯಿಗೆ ಸೆರಗು ಹಿಡಿದೆ.

ಊಟಕ್ಕೆ ಹುಳಿಹಾಕಿದ ಮೀನು. ನಾನು ತಿನ್ನುವವಳಲ್ಲ. ಬೇಯಿಸಿದ ಎಳೆ ಆಲೂಗಡ್ಡೆ ಬಡಿಸಿದರು, ಮೇಲೆ ಹೆಚ್ಚಿದ ಸೊಪ್ಪು. ತಟ್ಟೆ ಹತ್ತಿರ ಬರುತ್ತಲೇ ವಾಸನೆ ಗೊತ್ತಾಯಿತು: ಸಬ್ಬಸಗಿ. ಅತ್ತೆ ಬೇಳೆ ಹಾಕಿ ಪಲ್ಯ ಮಾಡಿ, ಬಿಸಿ ಜೋಳದ ರೊಟ್ಟಿಯ ಮೇಲಿಟ್ಟು ಕೊಡುತ್ತಿದ್ದುದೇ ಅದು. ಕಣ್ಣು ತುಂಬಿತು. ಖಾರ ಹತ್ತಿತೇ ಎಂದು ಸೂಲಗಿತ್ತಿ ಕೇಳಿದಳು. ಆ ಊಟದಲ್ಲಿ ಖಾರವೆಂಬುದೇ ಇರಲಿಲ್ಲ. ವಿಷಯ ಹೇಳಿದಾಗ ಇನ್ನೊಂದು ಹಿಡಿ ಸೊಪ್ಪು ತಂದು ಉದುರಿಸಿದಳು.

ಊಟವಾದ ಮೇಲೆ ಹೆಂಗಸರು ಹೂವಿನ ಕಿರೀಟ ಕಟ್ಟಲು ಕೂತರು. ಆ ದ್ವೀಪದಲ್ಲೇ ಮನೆಯಿದ್ದ ಒಬ್ಬ ಮುದುಕಿ ಒಂದನ್ನು ಕಟ್ಟಿ ನನ್ನ ತಲೆಗೆ ಇಡಲು ಬಂದಳು. ನಾನು ಹಿಂದೆ ಸರಿದೆ. ಅವಳ ಮುಖ ಸಣ್ಣದಾಯಿತು. ಗಂಡ ಇಲ್ಲದವರು ನಮ್ಮಲ್ಲಿ ಹೂವು ಮುಡಿಯುವುದಿಲ್ಲವೆಂದು ಸೂಲಗಿತ್ತಿಗೆ ಹೇಳಿದೆ. ಅವಳು ಮುದುಕಿಗೆ ಹೇಳಿದಳು. ಮುದುಕಿ ಕೇಳಿಸಿಕೊಂಡು, ಸಮುದ್ರದ ಕಡೆ ಕೈ ತೋರಿಸಿ ಏನೋ ಅಂದಳು. ಮೀನು ಹಿಡಿಯಲು ಹೋದ ಗಂಡ ತಿರುಗಿ ಬಂದಿರಲಿಲ್ಲವಂತೆ. ಅವಳ ತಲೆಯ ಮೇಲೂ ಹೂವಿತ್ತು.

“ಅವನಿಗೆ ನನ್ನ ತಲೆಯಲ್ಲಿ ಹೂವು ನೋಡೋದು ಇಷ್ಟವಿತ್ತು. ಅವನು ಹೋದ ಅಂತ ಅವನ ಇಷ್ಟವನ್ನೂ ಯಾಕೆ ಬಿಡಲಿ ಅಂತ ಕೇಳ್ತಿದ್ದಾಳೆ,” ಎಂದಳು ಸೂಲಗಿತ್ತಿ.

ನಾನು ಮುದುಕಿಯ ಕಡೆಗೆ ಸರಿದೆ. ತಲೆ ಬಗ್ಗಿಸಿದೆ. ಕೊಡ ಹೊರುವ ಸಿಂಬಿಯಂತೆ ಕಿರೀಟ ತಲೆಯ ಮೇಲೆ ಕೂತಿತು. ಮೊದಲು ಬಂದದ್ದು ಸಂತೋಷವಲ್ಲ. ನಮ್ಮ ಓಣಿಯವರು ಯಾರಾದರೂ ನೋಡಿಬಿಟ್ಟರೆ ಎಂಬ ದಿಗಿಲು. ರಾತ್ರಿ ಒಂಬತ್ತಕ್ಕೆ, ಸೂರ್ಯ ಇನ್ನೂ ಇರುವಾಗಲೇ, ಅಲ್ಲಿನ ರೂಢಿಯಂತೆ ಗಂಡ ಹೆಂಡತಿ ದೋಣಿಯ ಬಾವುಟ ಇಳಿಸಿದಾಗಲೂ ನಾನು ಹೂವು ತೆಗೆದಿರಲಿಲ್ಲ.

ಊರಿಗೆ ಬಂದು ಅತ್ತೆಗೆ ಕಂಬ, ಕಪ್ಪೆ ಕುಣಿತ, ಸಬ್ಬಸಗಿ ಎಲ್ಲ ಹೇಳಿದೆ. ಹೂವಿನದೊಂದು ಹೇಳಲಿಲ್ಲ. ದೀಪಾವಳಿಯ ಹೊತ್ತಿಗೆ ಸ್ವೀಡನ್ನಿನಿಂದ ಲಕೋಟೆ ಬಂತು. ನಾನು ಡ್ಯೂಟಿ ಮುಗಿಸಿ ಬಂದಾಗ ಅತ್ತೆ ಹೊಸ್ತಿಲಲ್ಲಿ ಕೂತು, ದ್ವೀಪದಲ್ಲಿ ಸೂಲಗಿತ್ತಿ ತೆಗೆದಿದ್ದ ಫೋಟೊ ನೋಡುತ್ತಿದ್ದರು. ಕಿರೀಟ ಹೊತ್ತ ನಾನು, ಪಕ್ಕದಲ್ಲಿ ಮುದುಕಿ.

“ಯಾರು ಮುಡಿಸ್ಯಾರ?” ಎಂದು ಕೇಳಿದರು. ಹೇಳಿದೆ.

“ಆಕೀಗೂ ಗಂಡ ಇಲ್ಲೇನು?”

“ಇಲ್ರಿ ಅತ್ತಿ.”

ಬೈಗುಳಕ್ಕೆ ಕಾದು ನಿಂತೆ. ಅವರು ಫೋಟೊದ ಮೇಲೆ ಕೈಯಾಡಿಸಿದರು. “ನಿನ್ನ ತಲ್ಯಾಗಿನ ಹೂವ ತಗಿಯೂವಾಗ ನನ್ನ ಹೂವ ತಗದದ್ದು ನೆನಪಾಗಿತ್ತವ್ವಾ. ಬ್ಯಾರೆ ಹ್ಯಾಂಗ ಮಾಡಬೇಕಂತ ನನಗ ಯಾರೂ ಹೇಳಿಕೊಟ್ಟಿದ್ದಿಲ್ಲ.”

ಹಾಗೆಂದು ನಾನು ಹುಮನಾಬಾದಿನಲ್ಲಿ ಹೂವು ಮುಡಿಯಲಿಲ್ಲ. ಅಷ್ಟು ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಆದರೆ ಕೆಲವು ವರ್ಷಗಳ ನಂತರ ನಮ್ಮ ಓಣಿಯ ಒಬ್ಬ ಹುಡುಗಿಯ ಗಂಡ ಲಾರಿ ಅಪಘಾತದಲ್ಲಿ ತೀರಿಕೊಂಡ. ಹಿರಿಯ ಹೆಂಗಸರು ಸೇರಿದಾಗ ಅತ್ತೆ ಎಲ್ಲರಿಗಿಂತ ಮೊದಲು ಹೋಗಿ ಅವಳ ಪಕ್ಕದಲ್ಲಿ ಕೂತರು. “ಈಕಿ ಹೂವಿಗೆ ಯಾರೂ ಕೈ ಹಚ್ಚಬ್ಯಾಡ್ರಿ,” ಎಂದರು, ದನಿ ಏರಿಸದೆ.

ಕೆಲವರು ಎದ್ದು ಹೋದರು. ಎಷ್ಟೋ ತಿಂಗಳು ನಮ್ಮ ಮನೆಗೆ ಮಜ್ಜಿಗೆ ಕೇಳಲೂ ಯಾರೂ ಬರಲಿಲ್ಲ. ಆ ಹುಡುಗಿಗೆ ಮುಂದೆ ಚಿಟಗುಪ್ಪದಲ್ಲಿ ಮತ್ತೆ ಮದುವೆಯಾಯಿತು. ಅತ್ತೆ ಮೊಣಕಾಲು ನೋವಿನಲ್ಲೇ ಲಗ್ನಕ್ಕೆ ಹೋಗಿ, ಅಕ್ಷತೆ ಹಾಕಿ, ಉಂಡು, ಸಂಜೆಯ ಬಸ್ಸಿಗೆ ಮನೆಗೆ ಬಂದರು.